ಜೋಲುವ ಪಾದಕ್ಕೆ ಕಾಯುವ ವ್ಯವಧಾನವಿಲ್ಲ

ಕೈಕಾಲು ಜೋಮು ಹಿಡಿಯಿತೆಂದರೆ ನಮ್ಮಲ್ಲಿ ಉತ್ತರ ಮೊದಲೇ ಸಿದ್ಧವಿರುತ್ತದೆ: ಸಕ್ಕರೆ ಕಾಯಿಲೆ, ಇಲ್ಲವೇ ಬೆನ್ನುಮೂಳೆಯ ಸವೆತ. ‘ನರದೌರ್ಬಲ್ಯ’ವೆಂಬ ಪದವನ್ನಂತೂ ಜಾಹೀರಾತುದಾರರು ಎಂದೋ ಬೇರೊಂದು ವ್ಯಾಪಾರಕ್ಕೆ ಎಳೆದುಕೊಂಡಿದ್ದಾರೆ. ಬಿ-ಕಾಂಪ್ಲೆಕ್ಸ್ ಚುಚ್ಚುಮದ್ದು, ನೋವಿನ ಮಾತ್ರೆಗಳಲ್ಲಿ ವಾರಗಳು ಕಳೆಯುತ್ತವೆ. ವ್ಯಾಸ್ಕ್ಯುಲೈಟಿಸ್, ಅಂದರೆ ರಕ್ತನಾಳಗಳ ಉರಿಯೂತದಿಂದ ನರ ಸಾಯುತ್ತಿರುವವರ ಪಾಲಿಗೆ ಆ ವಾರಗಳೇ ನಿರ್ಣಾಯಕ.

ರೋಗ ಅಪರೂಪದ್ದು, ಆದರೆ ಹೊಸದಲ್ಲ. 1866ರಲ್ಲಿ ಜರ್ಮನಿಯ ಕುಸ್‌ಮೌಲ್ ಮತ್ತು ಮೈಯರ್ ವರ್ಣಿಸಿದ ದರ್ಜಿಯೊಬ್ಬನ ಪ್ರಕರಣದಲ್ಲಿಯೇ ನರಗಳ ಹಾನಿ ದಾಖಲಾಗಿತ್ತು. ಆತ ಬದುಕುಳಿಯಲಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ನಾಳಗಳ ಮೇಲೆ ತಿರುಗಿಬಿದ್ದಾಗ, ನರಗಳಿಗೆ ರಕ್ತವುಣಿಸುವ ಸೂಕ್ಷ್ಮ ನಾಳಗಳು ಮುಚ್ಚಿಹೋಗುತ್ತವೆ. ಕಾಲುವೆ ಕಟ್ಟಿಕೊಂಡ ಗದ್ದೆಯ ಪೈರಿನಂತೆ ನರತಂತುಗಳು ಒಣಗುತ್ತವೆ.

ಇದರ ನಡೆಯೇ ಬೇರೆ. ಸಕ್ಕರೆ ಕಾಯಿಲೆಯ ಜೋಮು ಸಾಮಾನ್ಯವಾಗಿ ಎರಡೂ ಪಾದಗಳಿಂದ ಸಮನಾಗಿ, ವರ್ಷಗಳ ಅವಧಿಯಲ್ಲಿ ಮೇಲೇರುತ್ತದೆ. ಇಲ್ಲಿ ತೀವ್ರ ನೋವಿನೊಂದಿಗೆ ಇಂದು ಬಲ ಪಾದ ಜೋಲುತ್ತದೆ, ಕೆಲವು ದಿನಗಳ ಬಳಿಕ ಎಡ ಮಣಿಕಟ್ಟು. ಜೊತೆಗೆ ಜ್ವರ, ತೂಕದ ಇಳಿಕೆ, ಚರ್ಮದ ಮೇಲೆ ಕೆನ್ನೀಲಿ ಕಲೆ, ಮೂತ್ರದಲ್ಲಿ ರಕ್ತ ಕಾಣಿಸಬಹುದು. ನಡುವಯಸ್ಸಿನಲ್ಲಿ ಹೊಸದಾಗಿ ಉಬ್ಬಸ ಹತ್ತಿದವರಲ್ಲಂತೂ ಅನುಮಾನ ಇನ್ನಷ್ಟು ಬಲವಾಗಬೇಕು. ಕುಷ್ಠರೋಗವೂ ಹೀಗೆ ಒಂದೊಂದೇ ನರವನ್ನು ಹಿಡಿಯುವುದರಿಂದ ನಮ್ಮಲ್ಲಿ ಗೊಂದಲ ಹೆಚ್ಚು. 2005ರಲ್ಲಿ ಕುಷ್ಠದ ‘ನಿರ್ಮೂಲನೆ’ ಸಾಧಿಸಿದೆವೆಂದು ಬೀಗಿದೆವಾದರೂ ಪ್ರತಿವರ್ಷ ಹೊಸ ರೋಗಿಗಳು ಪತ್ತೆಯಾಗುತ್ತಲೇ ಇದ್ದಾರೆ. ಎರಡರ ಚಿಕಿತ್ಸೆಗೂ ಅಜಗಜಾಂತರ. ನರವಹನ ಪರೀಕ್ಷೆ, ಹಲವು ವೇಳೆ ನರದ ಬಯಾಪ್ಸಿ ಇಲ್ಲದೆ ಬರೀ ಊಹೆಯ ಮೇಲೆ ಸಾಗುವುದು ಅಪಾಯ.

ಔಷಧವೇ ಇಲ್ಲವೆಂದಲ್ಲ. ಸ್ಟೀರಾಯ್ಡ್, ಸೈಕ್ಲೋಫಾಸ್ಫಮೈಡ್ ಹಳೆಯವು, ವಿಪರೀತ ದುಬಾರಿಯೂ ಅಲ್ಲ. ರಿಟುಕ್ಸಿಮ್ಯಾಬ್‌ನ ದೇಶೀ ರೂಪ 2007ರಿಂದ ಲಭ್ಯವಿದೆ. ಕೊರತೆಯಿರುವುದು ಗುರುತಿಸುವಲ್ಲಿ. ಬೀದರ್ ಅಥವಾ ರಾಯಚೂರಿನ ಹಳ್ಳಿಯ ರೋಗಿ ಬೆಂಗಳೂರಿನ ನಿಮ್ಹಾನ್ಸ್ ತಲುಪುವ ಹೊತ್ತಿಗೆ ಎಷ್ಟು ನರ ಉಳಿದಿರುತ್ತದೆ ಎಂಬುದೇ ಪ್ರಶ್ನೆ. ನಾಶವಾದ ತಂತು ಮರಳಿ ಚಿಗುರುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಮೊಣಕಾಲಿನಿಂದ ಪಾದ ಮುಟ್ಟಲು ಒಂದು ವರ್ಷವೇ ಬೇಕು. ಅದೂ ಚಿಗುರಿದರೆ.

ಆದ್ದರಿಂದ ಸರ್ಕಾರ ಮೊದಲು ಮಾಡಬೇಕಾದದ್ದು ಪ್ರತಿ ಜಿಲ್ಲಾಸ್ಪತ್ರೆಗೆ ನರವಹನ ಪರೀಕ್ಷೆಯ ಯಂತ್ರ ಮತ್ತು ಅದನ್ನು ನಡೆಸಬಲ್ಲ ತಂತ್ರಜ್ಞರನ್ನು ಒದಗಿಸುವುದು. ಯಂತ್ರ ಬರುವವರೆಗೂ ಕೈಕಟ್ಟಿ ಕೂರಬೇಕಿಲ್ಲ. ಹಠಾತ್ತನೆ ಪಾದ ಅಥವಾ ಮಣಿಕಟ್ಟು ಜೋತುಬಿದ್ದ ರೋಗಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಮೂತ್ರ ಮತ್ತು ಇಎಸ್‌ಆರ್ ಪರೀಕ್ಷೆ ಮಾಡಿ, ಆ ವಾರದಲ್ಲೇ ತಜ್ಞರ ಬಳಿಗೆ ಕಳಿಸಬೇಕೆಂಬ ಸುತ್ತೋಲೆಗೆ ಹೆಚ್ಚಿನ ಖರ್ಚೇನೂ ಇಲ್ಲ.