ತಲೆ ಎಣಿಸಿ ರಸ್ತೆ

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ನಾಲ್ಕನೇ ಹಂತದಲ್ಲೂ ಅದೇ ಅಳತೆಗೋಲು: ಬಯಲು ಪ್ರದೇಶದಲ್ಲಿ 500, ಗುಡ್ಡಗಾಡು ರಾಜ್ಯಗಳಲ್ಲಿ 250 ಜನರಿದ್ದರೆ ರಸ್ತೆ. ಎಣಿಕೆ 2011ರ ಜನಗಣತಿಯದು. ಅಂದು ಒಂದನೇ ತರಗತಿಯಲ್ಲಿದ್ದ ಮಗು ಈಗ ಮತದಾರ. ನಮ್ಮ ಮಲೆನಾಡಿನಲ್ಲಂತೂ ಗುಡ್ಡಕ್ಕೊಂದು, ತೋಟಕ್ಕೊಂದು ಮನೆ. ಐನೂರು ತಲೆ ಒಂದೆಡೆ ಸಿಗುವುದೆಲ್ಲಿ? ರೋಗಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು, ಕಾಲುಸಂಕ ದಾಟಿಸಿ ಡಾಂಬರು ರಸ್ತೆ ಮುಟ್ಟಿಸಿದ ಸುದ್ದಿ ಮಳೆಗಾಲಕ್ಕೆ ಹೊಸದಲ್ಲ.

ರಸ್ತೆಯಾದರೂ ಬಸ್ಸು ಬರಬೇಕಲ್ಲ! 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ. ಬಸ್ಸೇ ಇಲ್ಲದ ಊರಿನವರು ಮಾತ್ರ ಆಟೊಗೆ ದುಡ್ಡು ತೆರಲೇಬೇಕು. ಜನ ಕಡಿಮೆಯೆಂದು ಬಸ್ಸಿಲ್ಲ, ಬಸ್ಸಿಲ್ಲವೆಂದು ಜನ ಊರು ಬಿಡುತ್ತಾರೆ. 2027ರ ಗಣತಿಯಲ್ಲಿ ಇಂಥ ಊರುಗಳು ಇನ್ನಷ್ಟು ಕುಗ್ಗಿ ಕಂಡರೆ ಅಚ್ಚರಿಯಿಲ್ಲ. ಸಾರಿಗೆ ನಿಗಮಗಳು ಲಾಭನಷ್ಟದ ಲೆಕ್ಕ ಬದಿಗಿಟ್ಟು, ಶಾಲೆಯ ವೇಳೆಗಾದರೂ ಒಂದು ಮಿನಿ ಬಸ್ ಓಡಿಸಲಿ.