ಮೊದಲು ಬಂದವನಿಗೆ ಮೂಟೆ, ಕೊನೆಗೆ ಬಂದವನಿಗೆ ಪಾವು

ನಮ್ಮ ಮದ್ರಸದ ಹಳೆ ಸಿಸಿಟಿವಿ ದುಬೈಯಲ್ಲಿರುವ ಕಮಿಟಿಯವರ ಮೊಬೈಲಿನಲ್ಲಿ ಕಾಣುತ್ತಿರಲಿಲ್ಲ. ಊರಿಗೆಲ್ಲ ಇಂಟರ್ನೆಟ್ ಕೊಡುವ ಕೇಬಲ್ ಹುಡುಗನನ್ನು ಕರೆದು ಎರಡು ಮಾತು ಬೈದೆ. "ಉಸ್ತಾದರೇ, ನಿಮಗೆ ಸ್ವಂತ ಐಪಿ ನಂಬರ್ ಇಲ್ಲ. ಒಂದೇ ನಂಬರಿನಲ್ಲಿ ಸುಮಾರು ಮನೆಗಳಿವೆ. ಬೇರೆಯೇ ಬೇಕಾದರೆ ದುಡ್ಡು ಹೆಚ್ಚಾಗ್ತದೆ" ಅಂದ. ಬೈದದ್ದು ತಪ್ಪು ಅಂತ ಆಮೇಲೆ ಗೊತ್ತಾಯಿತು.

ಮನೆಗೆ ಡೋರ್ ನಂಬರ್ ಇದ್ದ ಹಾಗೆ ಇಂಟರ್ನೆಟ್ಟಿನಲ್ಲಿ ಐಪಿ ನಂಬರು. ಹಳೆ ಪದ್ಧತಿಯಲ್ಲಿ ಅದು ಇರುವುದೇ ಸುಮಾರು 430 ಕೋಟಿ. ಶುರುವಿಗೆ ಅಮೆರಿಕದಲ್ಲಿ ಧಾರಾಳವಾಗಿ ಹಂಚಿದರು. ಎಂಐಟಿ ಎಂಬ ಒಂದೇ ವಿಶ್ವವಿದ್ಯಾಲಯಕ್ಕೆ (ನಮ್ಮ ಮಣಿಪಾಲದ್ದಲ್ಲ, ಅಮೆರಿಕದ್ದು) 1.6 ಕೋಟಿಗೂ ಹೆಚ್ಚು ಸಿಕ್ಕಿತು. ಏಷ್ಯಾ ಪೆಸಿಫಿಕ್ ಭಾಗಕ್ಕೆ ಹಂಚುವ ಏಪ್ನಿಕ್ ಸಂಸ್ಥೆಯ ದಾಸ್ತಾನು 2011ರ ಏಪ್ರಿಲ್‌ನಲ್ಲಿ ತಳ ಕಂಡಿತು. ಆಮೇಲೆ ರೇಷನ್. ಆ ಕೊನೆಯ ಪಾಲಿನಲ್ಲಿ ಒಬ್ಬರಿಗೆ ಹೆಚ್ಚೆಂದರೆ 1,024. 2019ರಲ್ಲಿ ಅದೂ 512ಕ್ಕೆ ಇಳಿಯಿತು.

ರೇಷನ್ ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಮಾಡದಿದ್ದರೆ ದೊಡ್ಡ ಕಂಪನಿಗಳೇ ಬಾಚಿಕೊಂಡು ಹೋಗ್ತಿದ್ದವು. ನನ್ನ ತಕರಾರು ಬೇರೆ. ಮೊದಲು ಪಡೆದವರು ಬಳಸದೆ ಇಟ್ಟುಕೊಂಡದ್ದನ್ನು ಮಾರಲು ಯಾಕೆ ಬಿಟ್ಟರು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಅಷ್ಟೇ ದೊಡ್ಡ ಪಾಲನ್ನು 2000ದಲ್ಲಿ ವಾಪಸ್ ಕೊಟ್ಟಿತು. ಅದೇ ಮುಂದೆ ಏಪ್ನಿಕ್‌ಗೆ ಬಂತು. ಎಂಐಟಿ ಮಾತ್ರ 1.4 ಕೋಟಿ ಬಳಕೆಯಲ್ಲೇ ಇಲ್ಲ ಅಂತ 2017ರಲ್ಲಿ ತಾನೇ ಹೇಳಿ, ಮಾರಾಟಕ್ಕಿಳಿಯಿತು. ಕೊಳ್ಳುವ ತಾಕತ್ತು ಯಾರಿಗಿದೆ? 512ರಲ್ಲಿ ಎರಡು ಸಾವಿರ ಮನೆ ನಡೆಸಬೇಕಾದವನಿಗಂತೂ ಇಲ್ಲ.

ಅವನು ಮಾಡುವುದು ಇಷ್ಟೇ, ಒಂದೊಂದು ನಂಬರನ್ನು ಹತ್ತಾರು ಮನೆಗೆ ಹಂಚುವುದು. ಅದಕ್ಕೆ ಬೇರೆ ಮೆಷಿನ್ ಬೇಕು. ಯಾವ ಹೊತ್ತಿಗೆ ಯಾವ ಮನೆ ಯಾವ ನಂಬರು ಬಳಸಿತು ಅಂತ ದಾಖಲೆಯೂ ಇಡಬೇಕು. ಒಂದು ಮನೆಯ ಕಂಪ್ಯೂಟರಿನಿಂದ ಕಳ್ಳ ಮೇಲ್ ಹೋಗಿ ಆ ನಂಬರು ಬ್ಲಾಕ್ ಆದರೆ ಉಳಿದವರದ್ದೂ ಕೆಡ್ತದೆ. ಬೈಗುಳ ಮಾತ್ರ ಕೇಬಲಿನವನಿಗೆ.

ಹೊಸ ಪದ್ಧತಿ ಐಪಿವಿ6ನಲ್ಲಿ ನಂಬರಿಗೆ ಬರ ಇಲ್ಲ, ನಿಜ. ಆದರೆ ಎಷ್ಟೋ ವೆಬ್‌ಸೈಟುಗಳು ಇನ್ನೂ ಹಳೆಯದರಲ್ಲೇ ಕೂತಿವೆ. ಹಾಗಾಗಿ ಸಣ್ಣವನು ಎರಡನ್ನೂ ನಡೆಸಬೇಕು, ಖರ್ಚೂ ಎರಡು. ಆದರೂ ಹಾಕು ಮಾರಾಯ ಅಂತ ನಮ್ಮ ಹುಡುಗನಿಗೆ ಹೇಳಿದೆ. ಅವನು ತಯಾರು. ನಮ್ಮ ಹಳೆ ಡಿವಿಆರ್‌ಗೇ ಅದು ಗೊತ್ತಿಲ್ಲವಂತೆ. ಹೊಸದರ ಖರ್ಚಿನ ವಿಷಯ ಮುಂದಿನ ಕಮಿಟಿ ಮೀಟಿಂಗಿಗೆ ಇಟ್ಟಿದ್ದೇನೆ.