ಗಂಧದ ಮರ ರೈತನದಾಯಿತು, ಮಾರುಕಟ್ಟೆ ಯಾವಾಗ?



ಬೆಳೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಮಣ್ಣು, ನೀರು, ಬೀಜ, ಗೊಬ್ಬರ, ಕೀಟ, ರೋಗ ಇವುಗಳನ್ನು ಕುರಿತು ಚರ್ಚಿಸುತ್ತೇವೆ. ಈ ಪುಟಗಳಲ್ಲಿ ನೀವು ಓದುವುದೂ ಹೆಚ್ಚಾಗಿ ಅದನ್ನೇ. ಆದರೆ ಒಂದು ಬೆಳೆ ನಮ್ಮ ಹೊಲದಲ್ಲಿ ಉಳಿಯಬೇಕೋ ಅಳಿಯಬೇಕೋ ಎಂಬುದನ್ನು ನಿರ್ಧರಿಸುವ ಮತ್ತೊಂದು ಸಂಗತಿಯಿದೆ. ಅದು ರಾಜ್ಯದ ಕಾನೂನು. ನಾನು ಬೇಸಾಯಶಾಸ್ತ್ರದವನೇ ಹೊರತು ಕಾನೂನು ಓದಿದವನಲ್ಲ. ಆದರೂ ಶ್ರೀಗಂಧದ ಕಥೆಯನ್ನು ಬೇಸಾಯದ ದೃಷ್ಟಿಯಿಂದ ನೋಡಿದವರಿಗೆ ಕಾನೂನಿನ ಮಾತನ್ನು ಆಡದೆ ವಿಧಿಯಿಲ್ಲ. ನಮ್ಮ ಕೆಂಪು ಮಣ್ಣು, ನಮ್ಮ ಮಳೆ, ನಮ್ಮ ಹವೆ ಎಲ್ಲವೂ ಒಪ್ಪಿದ ಮರ ಅದು. ಹಾಗಿದ್ದೂ ಅದು ನಮ್ಮ ಬದುಗಳಿಂದ ಏಕೆ ಮಾಯವಾಯಿತು? ಮರದೊಂದಿಗೆ ಅದನ್ನೇ ನಂಬಿದ್ದ ಕಸುಬುಗಳು ಏಕೆ ಸೊರಗಿದವು? ಈಗ ಅವನ್ನು ಮತ್ತೆ ಬೆಳೆಸಲು ಏನು ಮಾಡಬೇಕು? ಈ ಪ್ರಶ್ನೆಗಳನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಹೊಲ ರೈತನದು, ಮರ ಸರ್ಕಾರದ್ದು

1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಮರ ಎಲ್ಲಿಯೇ ಬೆಳೆದಿರಲಿ, ಅದು ದೊರೆಯ ಸ್ವತ್ತು. ಮುಂದೆ ಮೈಸೂರು ಅರಸರ ಆಡಳಿತವೂ ಇದೇ ಕಟ್ಟಳೆಯನ್ನು ಪಾಲಿಸಿತು. ಸ್ವಾತಂತ್ರ್ಯ ಬಂದ ಮೇಲೆ ರೂಪುಗೊಂಡ 1963ರ ಕರ್ನಾಟಕ ಅರಣ್ಯ ಅಧಿನಿಯಮದಲ್ಲಿಯೂ ಗಂಧದ ಮೇಲಿನ ಸರ್ಕಾರದ ಹಿಡಿತ ಮುಂದುವರಿಯಿತು.

ಇದರ ಅರ್ಥವೇನೆಂದು ಸ್ವಲ್ಪ ಯೋಚಿಸಿ. ಹಕ್ಕಿ ಹಣ್ಣು ತಿಂದು ನಿಮ್ಮ ಬದುವಿನಲ್ಲಿ ಬೀಜ ಉದುರಿಸುತ್ತದೆ. ಸಸಿ ತಾನಾಗಿ ಮೊಳೆಯುತ್ತದೆ. ಅದು ನಿಮ್ಮ ಮಣ್ಣಿನ ಸಾರವನ್ನು ಹೀರಿ, ಪಕ್ಕದ ಗಿಡಗಳ ಬೇರಿಗೆ ಬೇರು ತಗುಲಿಸಿ ಬೆಳೆಯುತ್ತದೆ. ಆದರೆ ಮರ ನಿಮ್ಮದಲ್ಲ. ಅದನ್ನು ಕಾಯುವ ಹೊಣೆ ಮಾತ್ರ ನಿಮ್ಮದು. ಕಳ್ಳರು ರಾತ್ರಿ ಕಡಿದೊಯ್ದರೆ ಬೆಳಿಗ್ಗೆ ಉತ್ತರ ಹೇಳಬೇಕಾದವರು ನೀವು. ಮರ ಕಿತ್ತಾಗ ಜಮೀನಿನ ಒಡೆಯನಿಗೆ ಒಂದು ಪಾಲು ಕೊಡುವ ಪದ್ಧತಿ ಇತ್ತೆಂಬುದು ನಿಜ. ಆದರೆ ಇಂದು ಸಿಕ್ಕಬಹುದಾದ ತೊಂದರೆಯ ಮುಂದೆ ಇಪ್ಪತ್ತು ವರ್ಷದ ಮೇಲೆ ಬರಬಹುದಾದ ಪಾಲಿಗೆ ಯಾರು ಕಾಯುತ್ತಾರೆ? ಆದ್ದರಿಂದ ಬೇಲಿಯಲ್ಲಿ ಗಂಧದ ಸಸಿ ಕಂಡರೆ ಚಿಗುರಿನಲ್ಲೇ ಕಿತ್ತೆಸೆಯುವುದು ಹಳ್ಳಿಗಳಲ್ಲಿ ರೂಢಿಯಾಯಿತು. ಹಾಗೆ ಮಾಡಿದ ರೈತನನ್ನು ನಾನು ದೂರಲಾರೆ. ಲೆಕ್ಕ ಬಲ್ಲವನು ಮಾಡುವ ಕೆಲಸವನ್ನೇ ಆತ ಮಾಡಿದ. ಮರವನ್ನು ಉಳಿಸಲೆಂದು ಮಾಡಿದ ಕಾನೂನು ಮರವನ್ನೇ ರೈತನಿಗೆ ಹೊರೆಯಾಗಿಸಿತು.

ಗಂಧವನ್ನು ನಂಬಿದ ಕಸುಬುಗಳು

ನ್ಯಾಯವಾಗಿ ಹೇಳುವುದಾದರೆ, ಈ ಕಾನೂನಿನಿಂದ ಲಾಭವೇ ಆಗಲಿಲ್ಲವೆಂದಲ್ಲ. 1914ರಲ್ಲಿ ಮಹಾಯುದ್ಧ ಆರಂಭವಾಗುವವರೆಗೆ ಮೈಸೂರಿನ ಗಂಧದ ಮರ ಹರಾಜಾಗಿ ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವುದು ಅಲ್ಲಿ. ಯುದ್ಧದಿಂದ ಆ ದಾರಿ ಮುಚ್ಚಿದಾಗ ಸಂಸ್ಥಾನವು ತನ್ನಲ್ಲಿ ಉಳಿದ ಮರದಿಂದ ತಾನೇ ಎಣ್ಣೆ ತೆಗೆಯಲು ಮುಂದಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರಾಗಿ, ವಿಶ್ವೇಶ್ವರಯ್ಯನವರು ದಿವಾನರಾಗಿ ಇದ್ದ ಕಾಲವದು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಮುಂದೆ ಮೈಸೂರಿನಲ್ಲಿ, ಆ ಬಳಿಕ ಶಿವಮೊಗ್ಗದಲ್ಲಿ ಕಾರ್ಖಾನೆಗಳು ಎದ್ದವು. ಗಂಧದ ಸಾಬೂನು ನಾಡಿನ ಹೆಸರನ್ನು ಹೊರದೇಶಗಳಿಗೆ ಒಯ್ದಿತು. 1980ರಲ್ಲಿ ಈ ಉದ್ಯಮಗಳು ಒಂದಾಗಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಸರ್ಕಾರಿ ಕಂಪನಿಯಾದವು. ಕಚ್ಚಾ ವಸ್ತು ಪೂರ್ತಿ ಸರ್ಕಾರದ ಕೈಯಲ್ಲಿದ್ದುದು ಆರಂಭದಲ್ಲಿ ಈ ಉದ್ಯಮಕ್ಕೆ ಬಲವನ್ನೇ ಕೊಟ್ಟಿತು.

ತೊಂದರೆ ಬಂದದ್ದು ನಂತರ. 1950ರ ದಶಕದಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 4000 ಟನ್ ಗಂಧದ ಚೇಗು ದೊರೆಯುತ್ತಿತ್ತೆಂದು ಅಂದಾಜು. ಈ ಶತಮಾನದ ಮೊದಲ ದಶಕದ ಹೊತ್ತಿಗೆ ಅದು ಕೆಲವು ನೂರು ಟನ್ನಿಗೆ ಇಳಿಯಿತು. ಇದಕ್ಕೆ ಕಾರಣಗಳು ಹಲವು: ಕಳ್ಳಸಾಗಣೆ, ಕಾಡಿನ ಬೆಂಕಿ, ದನಕರುಗಳ ಮೇವು, 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡುಬಂದ ಸ್ಪೈಕ್ ರೋಗ. ಆದರೆ ಇಂಥ ಕಾಟಗಳು ಯಾವ ಬೆಳೆಗಿಲ್ಲ? ತೊಗರಿಗೆ ಸೊರಗು ರೋಗ ಬಂದಿತೆಂದು ನಾಡಿನಲ್ಲಿ ತೊಗರಿಯೇ ಇಲ್ಲವಾಗಲಿಲ್ಲ. ರೈತ ಮರುವರ್ಷ ಮತ್ತೆ ಬಿತ್ತಿದ. ಗಂಧವನ್ನು ಮಾತ್ರ ಮತ್ತೆ ನೆಡುವವರಿರಲಿಲ್ಲ. ಕಾಡಿನ ಮರ ತೀರುತ್ತ ಬಂದಾಗ ಅದರ ಜಾಗ ತುಂಬಲು ಹೊಲದಲ್ಲಿ ಮರವಿರಲಿಲ್ಲ.

ಈ ಕೊರತೆಯ ಪೆಟ್ಟು ಕಾರ್ಖಾನೆಗೆ ಮಾತ್ರ ಬೀಳಲಿಲ್ಲ. ಸಾಗರ, ಸೊರಬ, ಶಿರಸಿಯ ಕಡೆ ತಲೆತಲಾಂತರದಿಂದ ಗಂಧದಲ್ಲಿ ಕೆತ್ತನೆ ಮಾಡುತ್ತ ಬಂದ ಗುಡಿಗಾರರು ಶಿವನೆ ಮೊದಲಾದ ಬೇರೆ ಮರಗಳತ್ತ ತಿರುಗಬೇಕಾಯಿತು. ಉತ್ತರ ಪ್ರದೇಶದ ಕನೌಜಿನಲ್ಲಿ ಅತ್ತರಿಗೆ ತಳಹದಿಯಾಗಿ ಬಳಸುತ್ತಿದ್ದುದು ಗಂಧದೆಣ್ಣೆ. ಅದು ತುಟ್ಟಿಯಾದಾಗ ಅಲ್ಲಿನವರು ಅಗ್ಗದ ಬದಲಿ ಎಣ್ಣೆಗಳನ್ನು ಹಿಡಿದರು. ಇತ್ತ 1999ರ ಸುಮಾರಿಗೆ ಪಶ್ಚಿಮ ಆಸ್ಟ್ರೇಲಿಯದ ಕುನುನುರ್ರಾ ಎಂಬಲ್ಲಿ ನಮ್ಮದೇ ಜಾತಿಯ ಗಂಧವನ್ನು ನೀರಾವರಿ ಕೊಟ್ಟು ಬೆಳೆಸಲು ತೊಡಗಿ, ಸಾವಿರಾರು ಹೆಕ್ಟೇರಿಗೆ ವಿಸ್ತರಿಸಿದರು. ಮರದ ತವರು ನಮ್ಮದು, ತೋಟ ಅವರದು ಎಂಬಂತಾಯಿತು.

2001ರ ತಿದ್ದುಪಡಿ

ಈ ಹಿನ್ನೆಲೆಯಲ್ಲಿ 2001ರಲ್ಲಿ ರಾಜ್ಯವು ಅರಣ್ಯ ಅಧಿನಿಯಮಕ್ಕೆ ತಿದ್ದುಪಡಿ ತಂದು, ಜಮೀನಿನಲ್ಲಿರುವ ಗಂಧದ ಮರದ ಹಕ್ಕನ್ನು ಆ ಜಮೀನಿನ ಒಡೆಯನಿಗೇ ಕೊಟ್ಟಿತು. ಇದು ಚಿಕ್ಕ ಬದಲಾವಣೆಯಲ್ಲ. ಇನ್ನೂರು ವರ್ಷ ದಾಟಿದ ಕಟ್ಟಳೆಯೊಂದು ತಿರುವುಮುರುವಾಯಿತು. ಅದುವರೆಗೆ ಸಸಿ ಕಂಡರೆ ಕೀಳುತ್ತಿದ್ದ ರೈತರು ಸಸಿ ಎಲ್ಲಿ ಸಿಗುತ್ತದೆಂದು ವಿಚಾರಿಸತೊಡಗಿದರು. ಮಣ್ಣು ಬದಲಾಗಲಿಲ್ಲ, ಮಳೆ ಬದಲಾಗಲಿಲ್ಲ, ಹೊಸ ತಳಿಯೇನೂ ಬರಲಿಲ್ಲ. ಬದಲಾದದ್ದು ಕಾನೂನಿನ ಒಂದು ಕಲಮು ಮಾತ್ರ.

ಇದು ಗಂಧಕ್ಕೆ ಮಾತ್ರ ಸೀಮಿತವಾದ ಅನುಭವವೂ ಅಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಮರ ಕಡಿಯಲು ಅನುಮತಿ ಬೇಕೆಂದು ವಿಧಿಸಿ, ಸಿಲ್ವರ್ ಓಕ್, ನೀಲಗಿರಿ, ಸರ್ವೆ, ಸುಬಾಬುಲ್ ಮುಂತಾದ ಕೆಲವನ್ನು ಅದರಿಂದ ಬಿಟ್ಟಿತು. ಕಾಫಿ ತೋಟಗಳಲ್ಲಿ ನಾಡಮರಗಳ ಜಾಗದಲ್ಲಿ ಸಿಲ್ವರ್ ಓಕ್ ಏಕೆ ಹಬ್ಬಿತು ಎಂದು ಬೆಳೆಗಾರರನ್ನು ಕೇಳಿ ನೋಡಿ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ ಎನ್ನುವರು. ಅದರ ಜೊತೆಗೆ, ಬೇಕಾದಾಗ ಕಡಿದು ಮಾರಬಹುದು ಎಂದೂ ಸೇರಿಸುವರು. ಕಾನೂನು ಯಾವ ಮರಕ್ಕೆ ದಾರಿ ಬಿಡುತ್ತದೋ ರೈತ ಆ ಮರವನ್ನು ನೆಡುತ್ತಾನೆ.

ಒಡೆತನ ಬಂತು, ಮಾರಾಟದ ದಾರಿ ಕಿರಿದು

2001ರ ತರುವಾಯ ನೆಟ್ಟ ಮೊದಲ ಗಿಡಗಳು ಈಗ ಚೇಗು ಕಟ್ಟಿ ಕೀಳುವ ವಯಸ್ಸಿಗೆ ಬಂದಿವೆ. ಆದ್ದರಿಂದ ಇದುವರೆಗೆ ಕಾಗದದ ಮೇಲಿದ್ದ ಪ್ರಶ್ನೆ ಈಗ ಹೊಲಕ್ಕೆ ಬಂದಿದೆ: ಮಾರುವುದು ಯಾರಿಗೆ, ಎಷ್ಟಕ್ಕೆ, ಎಷ್ಟು ದಿನದಲ್ಲಿ?

ಮರ ರೈತನದಾದರೂ ಅದನ್ನು ಸಿಕ್ಕವರಿಗೆ ಮಾರುವ ಸ್ವಾತಂತ್ರ್ಯ ಆ ತಿದ್ದುಪಡಿಯೊಂದಿಗೆ ಬರಲಿಲ್ಲ. ಕೊಳ್ಳುವವರು ಸರ್ಕಾರದ ಇಲಾಖೆ ಇಲ್ಲವೇ ಸಾಬೂನು ಕಂಪನಿ, ಕರಕುಶಲ ನಿಗಮದಂಥ ಸರ್ಕಾರಿ ಸಂಸ್ಥೆಗಳೇ ಆಗಿರಬೇಕಿತ್ತು. 2022ರ ಕೊನೆಯಲ್ಲಿ ರಾಜ್ಯ ಸಚಿವ ಸಂಪುಟವು ಹೊಸ ಶ್ರೀಗಂಧ ನೀತಿಗೆ ಒಪ್ಪಿಗೆಯಿತ್ತು, ಮುಕ್ತ ಮಾರುಕಟ್ಟೆಯತ್ತ ಹೆಜ್ಜೆ ಇಟ್ಟಿತು. ಇದು ಸ್ವಾಗತಾರ್ಹ. ಆದರೆ ನೀತಿಯ ಮಾತು ಬೇರೆ, ನಿಮ್ಮ ತಾಲ್ಲೂಕಿನಲ್ಲಿ ಅದು ನಡೆಯುವ ಬಗೆ ಬೇರೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಕೀಳಲು ಅನುಮತಿ, ಸಾಗಿಸಲು ರಹದಾರಿ, ದರ್ಜೆ ಮಾಡಿಸಲು ಡಿಪೋ, ಹಣಕ್ಕಾಗಿ ಕಾಯುವುದು, ಇವು ಒಂದೊಂದೂ ತಡವಾದಷ್ಟು ಸಣ್ಣ ರೈತ ಸೋಲುತ್ತಾನೆ. ಸಾಲದ ಕಂತಿಗೋ ಮಗಳ ಮದುವೆಗೋ ಹಣ ಬೇಕಾದವನು ತಿಂಗಳುಗಟ್ಟಲೆ ಕಾಯಲಾರ. ಆಗ ರಾತ್ರಿ ಬಂದು ಕಾಲು ಬೆಲೆ ಕೊಡುವವನ ಕೈಗೆ ಮರ ಸೇರುತ್ತದೆ.

ಕಳವಿನ ಭಯವೂ ಹಾಗೆಯೇ. ಮರದಲ್ಲಿ ಚೇಗು ಕೂಡುತ್ತಿದ್ದಂತೆ ಕಳ್ಳರ ಕಣ್ಣು ಅದರ ಮೇಲೆ ಬೀಳುತ್ತದೆ. ತಂತಿ ಬೇಲಿ, ಕಾವಲುಗಾರ, ನಾಯಿ, ದೀಪ ಇವೆಲ್ಲವನ್ನೂ ಹತ್ತಾರು ಎಕರೆಯವರು ಇಟ್ಟುಕೊಳ್ಳಬಲ್ಲರು. ಎರಡು ಎಕರೆಯವನಿಗೆ ಅದು ಆಗದು. ಹೀಗೇ ಬಿಟ್ಟರೆ ಎಲ್ಲರಿಗಾಗಿ ಮಾಡಿದ ಕಾನೂನು ಉಳ್ಳವರಿಗಷ್ಟೇ ಫಲ ಕೊಟ್ಟೀತು.

ಒಂದು ಆಕ್ಷೇಪ

ಮಾರಾಟವನ್ನು ಸಡಿಲಿಸಿದರೆ ಕಾಡಿನ ಕಳ್ಳಮರವೂ ರೈತನ ಮರದ ಹೆಸರಿನಲ್ಲಿ ಪೇಟೆಗೆ ಬರುತ್ತದೆ ಎಂದು ಅರಣ್ಯ ರಕ್ಷಣೆಯಲ್ಲಿ ಅನುಭವವುಳ್ಳವರು ಹೇಳುತ್ತಾರೆ. ಈ ಮಾತಿನಲ್ಲಿ ಹುರುಳಿದೆ, ತಳ್ಳಿಹಾಕಲಾಗದು. ಆದರೆ ಬಿಗಿ ಕಾನೂನು ಇದ್ದ ಕಾಲದಲ್ಲಿಯೇ ಕಾಡಿನ ಗಂಧ ಹೆಚ್ಚು ಕಳವಾಯಿತು ಎಂಬುದನ್ನೂ ಮರೆಯಬಾರದು. ಮಾಲು ಕಡಿಮೆ, ಗಿರಾಕಿ ಹೆಚ್ಚು, ನೇರ ದಾರಿ ಕಿರಿದು: ಈ ಮೂರೂ ಕೂಡಿದಲ್ಲಿ ಕಳ್ಳನಿಗೆ ಸುಗ್ಗಿ. ಹೊಲದ ಗಂಧ ಧಾರಾಳವಾಗಿ, ಲೆಕ್ಕಪತ್ರದೊಂದಿಗೆ ಪೇಟೆಗೆ ಬಂದರೆ ಕಳ್ಳಮರದ ಬೆಲೆ ತಾನಾಗಿ ಕುಗ್ಗುತ್ತದೆ. ಆದ್ದರಿಂದ ಬೇಕಾದದ್ದು ಮಾರಾಟಕ್ಕೆ ತಡೆಯಲ್ಲ, ಮರಕ್ಕೆ ದಾಖಲೆ. ಯಾವ ಸರ್ವೆ ನಂಬರಿನ ಮರ, ಎಂದು ನೆಟ್ಟದ್ದು, ಎಂದು ಕಿತ್ತದ್ದು ಎಂಬ ವಿವರ ಮರದ ಜೊತೆಗೇ ಸಾಗಬೇಕು.

ಸರ್ಕಾರದಿಂದ ಏನಾಗಬೇಕು?

ನನ್ನ ಅಭಿಪ್ರಾಯದಲ್ಲಿ ಕಾನೂನು ಈಗ ಐದು ಕೆಲಸ ಮಾಡಬೇಕು.

1. ಕೀಳುವ ಅನುಮತಿಗೂ ರಹದಾರಿಗೂ ಇಂತಿಷ್ಟು ದಿನವೆಂದು ಗಡುವು ಇರಬೇಕು. ಗಡುವು ಮೀರಿದರೆ ಅನುಮತಿ ದೊರೆತಂತೆಯೇ ಎಂದು ನಿಯಮವಾಗಬೇಕು.

2. ಅಡಿಕೆ, ರೇಷ್ಮೆಗೂಡುಗಳ ಧಾರಣೆಯಂತೆ ಗಂಧದ ದರ್ಜೆವಾರು ಧಾರಣೆಯೂ ಎಲ್ಲರಿಗೂ ತಿಳಿಯುವಂತೆ ಕಾಲಕಾಲಕ್ಕೆ ಪ್ರಕಟವಾಗಬೇಕು. ಬೆಲೆ ಗೊತ್ತಿಲ್ಲದವನಿಗೆ ಒಡೆತನದಿಂದ ಅರ್ಧ ಲಾಭ ಮಾತ್ರ.

3. ಗುಡಿಗಾರರು, ಊದುಬತ್ತಿ ತಯಾರಕರು, ಎಣ್ಣೆ ತೆಗೆಯುವ ಸಣ್ಣ ಘಟಕಗಳು ರೈತರ ಸಂಘಗಳಿಂದ ನೇರವಾಗಿ ಕೊಳ್ಳುವಂತಾಗಬೇಕು. ಮರ ಬೆಳೆದ ಜಿಲ್ಲೆಯಲ್ಲಿಯೇ ಕೆತ್ತನೆಯೂ ಎಣ್ಣೆಯೂ ಆದರೆ ಕೂಲಿಯೂ ಲಾಭವೂ ಅಲ್ಲಿಯೇ ಉಳಿಯುತ್ತವೆ.

4. ರಸ್ತೆಗೋ ನಾಲೆಗೋ ಜಮೀನು ಹೋದಾಗ ಅರೆಬೆಳೆದ ಗಂಧದ ಮರಕ್ಕೆ ಬೆಲೆ ಕಟ್ಟುವ ಕ್ರಮ ಸ್ಪಷ್ಟವಾಗಿರಬೇಕು.

5. ಕಳವಿನ ದೂರು ಕೊಟ್ಟ ರೈತನನ್ನು ಸಂಶಯದಿಂದ ನೋಡದೆ, ದೂರನ್ನು ದಾಖಲಿಸಿಕೊಂಡು ರಸೀದಿ ಕೊಡಬೇಕು. ಮರಕ್ಕೆ ವಿಮೆ ದೊರೆಯುವ ವ್ಯವಸ್ಥೆಯೂ ಆಗಬೇಕು.

ನೀವು ಏನು ಮಾಡಬೇಕು?

ಕಾನೂನು ಸರಿಹೋಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಹಾಗೆಂದು ದುಡುಕುವುದೂ ಸಲ್ಲದು. ಎಕರೆಗೆ ಕೋಟಿ ರೂಪಾಯಿ ಎಂದು ಆಸೆ ಹುಟ್ಟಿಸಿ ಸಸಿ ಮಾರುವವರನ್ನು ನಂಬಬೇಡಿ. ಆಸ್ಟ್ರೇಲಿಯದಲ್ಲಿ ಹೂಡಿಕೆದಾರರ ಹಣದಿಂದ ಅತಿ ದೊಡ್ಡ ಗಂಧದ ತೋಟ ಮಾಡಿದ ಕಂಪನಿಯೇ 2018ರಲ್ಲಿ ಸಾಲದ ಭಾರದಿಂದ ಆಡಳಿತಗಾರರ ಕೈ ಸೇರಿತು ಎಂಬುದು ನೆನಪಿರಲಿ.

ಇರುವ ಹೊಲವನ್ನೆಲ್ಲ ಗಂಧಕ್ಕೆ ಕೊಡಬೇಡಿ. ಬದುವಿನ ಉದ್ದಕ್ಕೆ 4 ಮೀಟರಿಗೊಂದರಂತೆ ನೆಟ್ಟರೆ 100 ಮೀಟರ್ ಬದುವಿಗೆ 25 ಗಿಡ ಹಿಡಿಯುತ್ತವೆ. ಒಳಗಿನ ರಾಗಿ, ತೊಗರಿ, ಕಡಲೆಕಾಯಿ ಎಂದಿನಂತೆ ನಡೆಯುತ್ತವೆ. ಗಂಧ ಅರೆಪರಾವಲಂಬಿ ಎಂಬುದನ್ನು ಮರೆಯಬೇಡಿ. ಸಸಿಯ ಹಂತದಲ್ಲಿ ತೊಗರಿ ಅಥವಾ ಹೊನಗೊನ್ನೆ ಸೊಪ್ಪು, ಮುಂದೆ ಸರ್ವೆ, ಹೊಂಗೆ, ನೆಲ್ಲಿಯಂಥ ಆಸರೆ ಗಿಡ ಪಕ್ಕದಲ್ಲಿರಲೇಬೇಕು. ನೀರು ನಿಲ್ಲುವ ಜಾಗ ಬೇಡ. ಕೀಳುವಾಗ ಬೇರುಸಹಿತ ಕೀಳಬೇಕು, ಏಕೆಂದರೆ ಬೇರಿನ ಚೇಗಿನಲ್ಲಿಯೇ ಎಣ್ಣೆ ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದದ್ದು ದಾಖಲೆ. ನಿಮ್ಮಲ್ಲಿ ಗಂಧದ ಮರಗಳಿದ್ದರೆ ಈ ವಾರವೇ ಪಹಣಿ ತೆಗೆಸಿ, ಮರಗಳ ಸಂಖ್ಯೆ ನಮೂದಾಗಿದೆಯೇ ನೋಡಿ. ಇಲ್ಲವಾದರೆ ಗ್ರಾಮ ಆಡಳಿತ ಅಧಿಕಾರಿಗಳಿಗೂ ವಲಯ ಅರಣ್ಯಾಧಿಕಾರಿಗಳಿಗೂ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಸದ್ಯ ಜಾರಿಯಲ್ಲಿರುವ ಮಾರಾಟದ ನಿಯಮವನ್ನು ಅಲ್ಲಿಯೇ ಬರವಣಿಗೆಯಲ್ಲಿ ಕೇಳಿ. ಊರಿನ ಹತ್ತು ಬೆಳೆಗಾರರು ಕೂಡಿ ಹೋದರೆ ಇನ್ನೂ ಒಳ್ಳೆಯದು. ಹತ್ತು ಮಂದಿಯ ಅರ್ಜಿ ಸುಲಭವಾಗಿ ಕಡತದಲ್ಲಿ ಕಳೆದುಹೋಗದು. ಮುಂದೆ ಒಟ್ಟಾಗಿ ಕಾವಲು ಕಾಯಲು, ಒಟ್ಟಾಗಿ ಮಾರಲು ಅದೇ ಬುನಾದಿಯಾಗುತ್ತದೆ. ಕಾನೂನು ಕೊಟ್ಟ ಹಕ್ಕು ಕಾಗದದಲ್ಲಿದ್ದರೆ ಮಾತ್ರ ಹೊಲದಲ್ಲಿಯೂ ನಿಲ್ಲುತ್ತದೆ.